ಮೂರು ಕ್ಯಾಲೆಂಡರಿನ ಗೋಡೆ

ಆ ಭಾನುವಾರ ನಮ್ಮ ಮನೆಯ ಮುಂದಿನ ಕೋಣೆಯ ಒಂದೇ ಗೋಡೆಯ ಮೇಲೆ ಮೂರು ಕ್ಯಾಲೆಂಡರುಗಳಿದ್ದವು. ಮೂರೂ ಅದೇ ವರ್ಷದವು. ಬಟ್ಟೆ ಅಂಗಡಿಯವರು ಕೊಟ್ಟದ್ದು ಕಿಟಕಿಯ ಮೂಲೆಗೆ, ಔಷಧಿ ಅಂಗಡಿಯದು ಅದಕ್ಕಿಂತ ಒಂದು ಮೊಳ ಕೆಳಗೆ, ಟೈರು ಕಂಪನಿಯದು ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿ, ಕುಳಿತವರ ಮೊಣಕಾಲಿನ ಎತ್ತರಕ್ಕೆ. "ಇದರಲ್ಲಿ ತಾರೀಖು ನೋಡೋಕೆ ನಾಯಿಮರಿನೇ ಬರಬೇಕು" ಎಂದು ನಮ್ಮ ಯಜಮಾನರು ನಕ್ಕರು. ಮೊಳೆ ಹೊಡೆದವರೂ ಅವರೇ.

ಗೋಡೆ ಬಿರುಕು ಬಿಟ್ಟಿತ್ತು. ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಇಳಿದ ಹಾಗೆ ಇಳಿದು ಯಂತ್ರದ ಹಿಂದೆ ನೆಲ ಸೇರಿತ್ತು. ಅದನ್ನು ಮುಚ್ಚಬೇಕಾಗಿತ್ತು, ಯಾಕೆಂದರೆ ನನ್ನ ತಂಗಿ ಬರುವವಳಿದ್ದಳು. ಊರಿನವರೆಲ್ಲ ನೋಡಿದರೂ ಪರವಾಗಿಲ್ಲ, ಅವಳು ಮಾತ್ರ ನೋಡಬಾರದು ಎನ್ನುವುದು ನನ್ನ ಹಟ. ನನ್ನ ಹಟದ ಮುಂದೆ ಯಜಮಾನರು ವಾದ ಮಾಡುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು.

ತಂಗಿಯ ಕೆಲಸ ಮಣ್ಣಿನ ಸರ್ವೆ. ಹೊಲ, ಗುಡ್ಡ, ಬಯಲು ಎನ್ನದೆ ನಡೆಯುವುದು, ಬೈರಿಗೆ ಹಾಕಿ ನೆಲ ಕೊರೆದು ಮಣ್ಣು ಮೇಲೆತ್ತುವುದು, ಆಳು ಮುಳುಗುವಷ್ಟು ಗುಂಡಿ ತೋಡಿಸಿ ತಾನೇ ಅದರೊಳಗೆ ಇಳಿದು ಚಾಕುವಿನಿಂದ ಗೋಡೆ ಕೆರೆಯುವುದು. ಒಂದು ಚಿಟಿಕೆ ಮಣ್ಣಿಗೆ ನೀರು ಹನಿಸಿ ಹೆಬ್ಬೆರಳಿನಲ್ಲಿ ಉಜ್ಜುವಳು. ಅದು ಪಟ್ಟಿಯಂತೆ ಉದ್ದಕ್ಕೆ ಬಂದರೆ ಒಂದು ಜಾತಿ, ಪುಡಿಯಾಗಿ ಉದುರಿದರೆ ಇನ್ನೊಂದು. ಮಣ್ಣಿನ ಬಣ್ಣ, ಅದರ ಮೇಲಿರುವ ಗುಡ್ಡ, ಅಲ್ಲಿ ಬೀಳುವ ಮಳೆ, ಒಣಗುವ ತಿಂಗಳು ಎಲ್ಲ ಬರೆದು, ಕೊನೆಗೆ ನಕ್ಷೆಯ ಮೇಲೆ ಗೆರೆ ಎಳೆಯುವಳು. ಚಿಕ್ಕವಳಿದ್ದಾಗ ಮಣ್ಣು ತಿಂದು ಅಮ್ಮನಿಂದ ಏಟು ತಿನ್ನುತ್ತಿದ್ದಳು, ಈಗ ಅದೇ ಮಣ್ಣಿನಿಂದ ಸಂಬಳ ತಿನ್ನುತ್ತಾಳೆ. ಮನೆಯಲ್ಲಿ ಅವಳಿಗೆ ಮಣ್ಣಮ್ಮ ಎಂದೇ ಹೆಸರು.

ನಮ್ಮ ಸೈಟು ಒಂದು ಕುಳ್ಳ ಗುಡ್ಡದ ಬುಡದಲ್ಲಿದೆ. ಇಳಿಜಾರು ಮುಗಿದು ಬಯಲು ಶುರುವಾಗುವ ಜಾಗ. ಬಯಲಿನದೆಲ್ಲ ಕಪ್ಪು ಎರೆ ಮಣ್ಣು. ಅಲ್ಲಿ ಕರೆಂಟಿನ ಕಂಬಗಳು ಒಂದೂ ನೆಟ್ಟಗಿಲ್ಲ, ಕುಡಿದು ಮನೆಗೆ ಹೊರಟವರ ಹಾಗೆ ಒಂದೊಂದು ಒಂದೊಂದು ಕಡೆ ವಾಲಿವೆ. ನೋಡಿದವರೆಲ್ಲ "ಎರೆ ಹತ್ತಿರ ಇದೆ, ಹುಷಾರು" ಎಂದರು. "ಮನೇಲೇ ಡಾಕ್ಟರು ಇಟ್ಕೊಂಡು ಊರಲ್ಲಿ ಯಾಕೆ ನಾಡಿ ತೋರಿಸೋದು?" ಎಂದು ನಾನು ತಂಗಿಯನ್ನು ಕರೆಸಿದೆ.

ಮಳೆ ಮುಗಿದ ಹೊಸತು. ಗುಡ್ಡವೆಲ್ಲ ಹಸಿರು. ಬುತ್ತಿ ಕಟ್ಟಿಕೊಂಡು ಎಲ್ಲರೂ ಹೋಗಿದ್ದೆವು. ಅವಳು ಹೊಸ ಚಪ್ಪಲಿ ಹಾಕಿದ್ದಳು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಬಾಟಲಿಯ ನೀರು ಹನಿಸಿ ಉಜ್ಜಿದಳು. ಕೆಂಪು ಮಣ್ಣು, ಒರಟು ಒರಟು, ಬೆರಳಿಗೆ ಅಂಟಲಿಲ್ಲ. ತಲೆ ಎತ್ತಿ ಗುಡ್ಡ ನೋಡಿದಳು.

"ಅಕ್ಕಾ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಗುಡ್ಡಾನ ನಾನೇ ಸರ್ವೆ ಮಾಡಿದ್ದು. ನನ್ನ ನಕ್ಷೆಲಿ ಎರೆ ಇರೋದು ರಸ್ತೆಯಿಂದ ಆಚೆ. ಇದು ಕೆಂಪು ಗರಸು. ಧೈರ್ಯವಾಗಿ ಕಟ್ಟಿ" ಎಂದಳು.

ಬೈರಿಗೆಯ ಚೀಲ ಅವಳ ಕಾರಿನ ಡಿಕ್ಕಿಯಲ್ಲಿತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ತೆಗೆಯಬೇಕು ಎಂದು ನಮಗೂ ಹೊಳೆಯಲಿಲ್ಲ. ನಾವು ಊಟಕ್ಕೆ ನೆರಳು ಹುಡುಕುತ್ತಿದ್ದೆವು.

ಮನೆ ಕಟ್ಟಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೂ ಕಟ್ಟಿದೆವು, ಗಟ್ಟಿ ಗರಸು ಎಂದು ಪಾಯವನ್ನೂ ಮೊಣಕಾಲಿಗಿಂತ ಆಳಕ್ಕೆ ಇಳಿಸದೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಅಂಗಡಿ, ಹಿಂದೆ ನಮ್ಮ ಸಂಸಾರ. ಬಟ್ಟೆ ಕೊಡಲು ಬಂದವರಿಗೆಲ್ಲ ನಾನು ನೆಲ ತೋರಿಸಿ, "ನನ್ನ ತಂಗಿ ಪಾಸು ಮಾಡಿದ ಮಣ್ಣು ಇದು" ಎನ್ನುತ್ತಿದ್ದೆ. ಎಷ್ಟು ಸಲ ಹೇಳಿದ್ದೆನೆಂದರೆ, ರವಿಕೆಗೆ ಗುಂಡಿ ಹಾಕಿಸಲು ಬಂದ ಹೆಂಗಸು ನಾನು ಬಾಯಿ ತೆಗೆಯುವ ಮೊದಲೇ "ಗೊತ್ತು ಗೊತ್ತು, ನಿಮ್ಮ ತಂಗಿ" ಎಂದುಬಿಟ್ಟಳು.

ಮೊದಲ ಮಳೆಗೆ ಮುಂಬಾಗಿಲು ಬಿಗಿಯಿತು. ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೈಗೆ ಉಪಕರಣ ಸಿಕ್ಕರೆ ಅವರಿಗೆ ಹಬ್ಬ. ಬಾಗಿಲಿನ ಅಂಚು ಹೆರೆದರು. ಬೇಸಿಗೆಗೆ ಅದೇ ಬಾಗಿಲಿನ ಕೆಳಗೆ ಬೆಳಕು ಕಂಡಿತು. ಅಡುಗೆಮನೆಯ ನಡುವೆ ನೆಲ ಉಬ್ಬಿತು. ಮಗಳು ಗೋಲಿ ಬಿಟ್ಟರೆ ಅದು ತಾನಾಗಿ ಮೂಲೆಗೆ ಓಡುತ್ತಿತ್ತು. ಆಮೇಲೆ ಈ ಬಿರುಕು. ಮೊದಲು ಕೂದಲೆಳೆ, ಆಮೇಲೆ ನೂಲು, ಆಮೇಲೆ ನನ್ನ ದಪ್ಪ ಸೂಜಿ ಹೋಗುವಷ್ಟು. ಆ ಬೇಸಿಗೆಯಲ್ಲಿ ಕತ್ತರಿಯ ತುದಿ ಸಲೀಸಾಗಿ ಒಳಗೆ ಇಳಿಯುತ್ತಿತ್ತು. ಅಂಗಳದಲ್ಲಂತೂ ನೆಲವೇ ಸೀಳಿ ಸೀಳಿ ಹೋಗಿತ್ತು. ಮಗಳ ಚಮಚ ಒಂದು ಸೀಳಿನಲ್ಲಿ ಬಿದ್ದದ್ದು ಕೈ ಹಾಕಿದರೂ ಸಿಗಲಿಲ್ಲ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎಂದು ನಾಚಿಕೆಯಾದಾಗ ಹೇಳುತ್ತೇವಲ್ಲ, ನಮ್ಮ ಅಂಗಳದಲ್ಲಿ ಅದಕ್ಕೆ ಎಲ್ಲ ಅನುಕೂಲ ಇತ್ತು.

ತಂಗಿಗೆ ಹೇಳಲಿಲ್ಲ. ಫೋನಿನಲ್ಲಿ "ಮನೆ ಹೇಗಿದೆ ಅಕ್ಕ?" ಎಂದರೆ "ಬಂಗಾರದ ಹಾಗಿದೆ" ಎನ್ನುತ್ತಿದ್ದೆ. ಅವಳಿಗೆ ಆಗ ತಾನೇ ಬಡ್ತಿಯಾಗಿತ್ತು, ಇಡೀ ಜಿಲ್ಲೆಯ ನಕ್ಷೆ ಅವಳ ಕೈಗೆ ಬಂದಿತ್ತು. ಇಂಥ ಹೊತ್ತಿನಲ್ಲಿ ಒಡಹುಟ್ಟಿದ ಅಕ್ಕನ ಮನೆಯೇ ಅವಳ ಮಾತಿನ ಮೇಲೆ ನಿಂತು ಒಡೆದಿದೆ ಎಂದರೆ ಅವಳ ಗತಿ ಏನು? ನಾನು ಮುಚ್ಚಿಟ್ಟದ್ದು ಪ್ರೀತಿಯಿಂದ. ಹಾಗೆಂದು ನಾನು ಪೂರ್ತಿ ನಂಬಿದ್ದೆ. ಅಂಗಡಿಯಲ್ಲಿ ನಾನು ಕೊಚ್ಚಿಕೊಂಡ ಮಾತುಗಳೂ ಆ ಬಿರುಕಿನ ಜೊತೆಗೇ ಮುಚ್ಚಿಹೋಗಲಿ ಎಂಬ ಆಸೆಗೆ ಅದರೊಳಗೆ ಎಷ್ಟು ಪಾಲಿತ್ತೋ, ಅದನ್ನು ಅಳೆಯಲು ನನ್ನ ಟೇಪು ಸಾಲದು.

ಇನ್ನೊಂದು ವಿಷಯ. ಗೃಹಪ್ರವೇಶ ಮುಗಿಸಿ ಹೋದ ಮೇಲೆ ಅವಳು ನಮ್ಮ ಮನೆಗೆ ಬಂದೇ ಇರಲಿಲ್ಲ. ಕರೆದಾಗಲೆಲ್ಲ ಕೆಲಸ, ಪ್ರವಾಸ, ಮೀಟಿಂಗು. ದೊಡ್ಡ ಹುದ್ದೆ ಬಂದ ಮೇಲೆ ಟೈಲರ್ ಅಕ್ಕನ ಮನೆ ಚಿಕ್ಕದಾಯಿತು ಎಂದು ನಾನು ಒಳಗೊಳಗೇ ಮುನಿಸಿಕೊಂಡೂ ಇದ್ದೆ. ಹಾಗಿರುವಾಗ ಶುಕ್ರವಾರ ಅವಳೇ ಫೋನು ಮಾಡಿ, "ಭಾನುವಾರ ಬರ್ತೀನಿ ಅಕ್ಕ, ಸ್ವಲ್ಪ ಮಾತಾಡೋದಿದೆ" ಎಂದಳು.

ಶನಿವಾರವೆಲ್ಲ ಮನೆಯನ್ನು ಮುಚ್ಚುವುದೇ ಕೆಲಸವಾಯಿತು. ಗೋಡೆಗೆ ಕ್ಯಾಲೆಂಡರುಗಳು. ಮಲಗುವ ಕೋಣೆಯ ಬಿರುಕಿಗೆ ಬೀರು. ಅಡುಗೆಮನೆಯ ಉಬ್ಬಿಗೆ ಚಾಪೆ. ಅಂಗಳದ ಸೀಳುಗಳಿಗೆ ಯಜಮಾನರು ಮಣ್ಣು ತುಂಬಿ, ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ನನ್ನ ಮೆಣಸಿನಕಾಯಿ ಒಣಹಾಕಿದರು. ಮಗಳನ್ನು ಕೂರಿಸಿಕೊಂಡು, "ಚಿಕ್ಕಮ್ಮನ ಹತ್ರ ಬಿರುಕಿನ ಮಾತು ಎತ್ತಿದ್ಯೋ, ನೋಡು" ಎಂದು ಹೆದರಿಸಿದೆ. ಹತ್ತು ವರ್ಷದ ಆ ಬಾಯಿಬಡುಕಿ ಎದೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿತು.

ತಂಗಿ ಬಂದಳು. ಕಾರಿನಿಂದ ಇಳಿದವಳು ನೇರ ಒಳಗೆ ಬರಲಿಲ್ಲ. ಗೇಟಿನ ಹತ್ತಿರ ನಿಂತು, ಬೀದಿಯ ಕಂಬ ನೋಡಿದಳು, ಕಾಂಪೌಂಡಿನ ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿದಳು, ಮೆಣಸಿನಕಾಯಿ ನೋಡಿದಳು. ಆಮೇಲೆ ನಗುತ್ತಾ ಒಳಗೆ ಬಂದು, ಕ್ಯಾಲೆಂಡರಿನ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕುಳಿತಳು. ಸದ್ಯ ಬಚಾವಾದೆ ಎಂದುಕೊಂಡೆ.

ನಾನು ಎಂಥ ಪೆದ್ದಿ ಎಂದರೆ, ರಸ್ತೆ ಪಕ್ಕದ ದಿಣ್ಣೆ ಕಡಿದದ್ದು ಕಂಡರೂ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಮಣ್ಣು ನೋಡುವ ಹುಡುಗಿ, ಮೂರು ಕ್ಯಾಲೆಂಡರು ತೂಗುಹಾಕಿದ ಗೋಡೆಯ ಕಡೆ ಒಮ್ಮೆಯೂ ತಿರುಗಲಿಲ್ಲ ಎಂಬುದು ನನಗೆ ವಿಚಿತ್ರ ಅನ್ನಿಸಲೇ ಇಲ್ಲ. ಮಾತಾಡುವುದಿದೆ ಎಂದವಳು ಆ ಮಾತನ್ನೂ ಎತ್ತಲಿಲ್ಲ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಭಾವ ಸೊರಗಿದ್ದಾರೆ", "ಪುಟ್ಟಿ ಉದ್ದ ಆಗಿದ್ದಾಳೆ" ಎನ್ನುತ್ತಿದ್ದಳು.

ಮಗಳು ಅವಳ ತೊಡೆಗೆ ಒರಗಿ ನಿಂತು, "ಚಿಕ್ಕಮ್ಮಾ, ಅಂಗಳದಲ್ಲಿ ಏನಾಗಿದೆ ಅಂತ ನಾನು ಹೇಳೋದೇ ಇಲ್ಲ" ಎಂದಳು.

ಯಜಮಾನರು ಇದ್ದಕ್ಕಿದ್ದಂತೆ ಚಪ್ಪಲಿಯ ಪಟ್ಟಿ ಸರಿ ಮಾಡಿಕೊಳ್ಳತೊಡಗಿದರು. ತಂಗಿ ಮಗುವಿನ ಜಡೆ ನೇವರಿಸಿ, "ಬೇಡ ಪುಟ್ಟಿ, ಹೇಳಬೇಡ" ಎಂದಳು. ಅವಳ ದನಿ ಸ್ವಲ್ಪ ಒಡೆದಿತ್ತು. ಅದನ್ನೂ ನಾನು ಕಾರಿನ ಧೂಳಿಗೆ ಹೊಂದಿಸಿಬಿಟ್ಟೆ.

ಅಷ್ಟರಲ್ಲಿ ನರ್ಸಮ್ಮ ಬಂದರು.

ನರ್ಸಮ್ಮ ನನ್ನ ಹಳೆಯ ಗಿರಾಕಿ. ಆಸ್ಪತ್ರೆಯ ಹಿಂದೆ ಮೂರನೇ ಮಹಡಿಯ ಒಂದು ಬಾಡಿಗೆ ಕೋಣೆಯಲ್ಲಿ ತಾಯಿಯ ಜೊತೆ ಇದ್ದಾರೆ. ತಾಯಿಗೆ ಮಂಡಿ ನೋವು. ಹತ್ತಿದರೆ ಇಳಿಯಲಾರರು, ಇಳಿದರೆ ಹತ್ತಲಾರರು. ತಾಯಿ ಅಂಗಳದಲ್ಲಿ ಕಾಲೂರಿ ಕೂರುವಂಥ ನೆಲದ ಮಟ್ಟದ ಮನೆಯೊಂದು ಕಟ್ಟಬೇಕೆಂದು ಅವರು ರಾತ್ರಿ ಪಾಳಿ, ಹಗಲು ಪಾಳಿ ಎಲ್ಲ ಮಾಡಿದವರು. ಸಮವಸ್ತ್ರ ನನ್ನ ಹತ್ತಿರವೇ ಹೊಲಿಸುತ್ತಾರೆ, ಒಂದೇ ಕಾರಣಕ್ಕೆ. ನಮ್ಮ ಕಸುಬಿನವರ ನಾಳೆ ಎಂಥದ್ದು ಎಂದು ಎಲ್ಲರಿಗೂ ಗೊತ್ತು. ಟೈಲರ್ ನಾಳೆ ಎಂದರೆ ಬರುವ ವಾರ, ಖಂಡಿತ ನಾಳೆ ಎಂದರೆ ಅದರ ಮುಂದಿನ ವಾರ. ನನ್ನ ನಾಳೆ ನಾಳೆಯೇ. ನನಗಿರುವ ಒಂದೇ ಜಂಭ ಅದು, ತಂಗಿಯದನ್ನು ಬಿಟ್ಟರೆ. ಬುಧವಾರ ಬಂದು ಹೊಸ ಸಮವಸ್ತ್ರಕ್ಕೆ ಅಳತೆ ಕೊಟ್ಟು ಹೋಗಿದ್ದರು.

ಆದರೆ ಅವತ್ತು ಅವರು ಬಂದದ್ದು ಬಟ್ಟೆಗಲ್ಲ. ನಾದಿನಿ ಬರುತ್ತಾಳೆಂದು ಯಜಮಾನರು ಬೀದಿಯಲ್ಲಿ ಡಂಗುರ ಹೊಡೆದಿದ್ದರು. ನರ್ಸಮ್ಮ ತಂಗಿಗೆ ಕೈ ಮುಗಿದು, ಕುರ್ಚಿಯ ತುದಿಯಲ್ಲಿ ಕುಳಿತರು.

"ಮೇಡಂ, ನಿಮ್ಮ ಅಕ್ಕನ ಪಕ್ಕದ ಸೈಟು ನೋಡಿದೀನಿ. ನಾಳೆ ಒಪ್ಪಿಗೆ ಕೊಡಬೇಕು. ಎರೆ ಹತ್ರ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಾನು ನಿಮ್ಮನ್ನೇ ಕೇಳೋಣ ಅಂತ ಬಂದೆ" ಎಂದರು.

ತಂಗಿಯ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಚಿಕ್ಕಂದಿನಲ್ಲಿ, ಎಲ್ಲ ತರಗತಿಗೂ ಒಂದೇ ಕೋಣೆಯಿದ್ದ ಶಾಲೆಯಲ್ಲಿ, ಮೇಷ್ಟರು ಕೇಳಿದ ಲೆಕ್ಕಕ್ಕೆ ಅವಳು ತಡವರಿಸಿದರೆ ಹಿಂದಿನ ಬೆಂಚಿನಿಂದ ಉತ್ತರ ಹೇಳಿಕೊಡುತ್ತಿದ್ದವಳು ನಾನು. ಅದೇ ಚಾಳಿ ಈಗಲೂ ನಾಲಗೆಯ ತುದಿಗೆ ಬಂತು.

"ಅವಳನ್ನೇನು ಕೇಳ್ತೀರಿ ನರ್ಸಮ್ಮ, ನಮ್ಮ ಮನೆ ನೋಡಿ ಸಾಕು. ಒಂದು ಮಳೆಗಾಲ, ಒಂದು ಬೇಸಿಗೆ ಕಂಡಿದೆ. ಒಂದು ಬಿರುಕಿಲ್ಲ."

ನರ್ಸಮ್ಮ ನನ್ನನ್ನೇ ನೋಡಿದರು.

"ಒಂದೂ ಇಲ್ವಾ ಟೈಲರಮ್ಮ?"

"ಒಂದೂ ಇಲ್ಲ."

ಎಷ್ಟು ಸಲೀಸಾಗಿ ಬಂತು ಆ ಮಾತು! ಇಷ್ಟು ವರ್ಷ ಹೊಲಿದರೂ ನನ್ನ ಕೈಯಲ್ಲಿ ಅಷ್ಟು ನೇರವಾದ ಹೊಲಿಗೆ ಬಂದದ್ದಿಲ್ಲ. ಯಜಮಾನರು ನೆಲ ನೋಡಿದರು. ಮಗಳು ನನ್ನ ಮುಖ ನೋಡಿದಳು; ನಾನು ಅವಳಿಗೆ ಕಲಿಸಿದ್ದು ಸುಮ್ಮನಿರುವುದನ್ನು, ಇದು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಎಂದು ಅವಳಿಗೂ ಗೊತ್ತಾಗಿತ್ತು.

ತಂಗಿ ಲೋಟ ಕೆಳಗಿಟ್ಟು ಎದ್ದಳು. ಬಗ್ಗಿ ಟೈರು ಕಂಪನಿಯ ಕ್ಯಾಲೆಂಡರು ತೆಗೆದಳು. ಆಮೇಲೆ ಔಷಧಿ ಅಂಗಡಿಯದು. ಆಮೇಲೆ ಕಿಟಕಿಯ ಮೂಲೆಯದು. ಮೂರನ್ನೂ ಒಂದರ ಮೇಲೊಂದು ಜೋಡಿಸಿ ನನ್ನ ಹೊಲಿಗೆ ಯಂತ್ರದ ಮೇಲಿಟ್ಟಳು. ಏನನ್ನೂ ಹುಡುಕುವ ಕೆಲಸವಿಲ್ಲದೆ ಅವಳ ಕೈ ನೇರ ಒಂದೊಂದರ ಮೊಳೆಗೇ ಹೋಗಿತ್ತು. ಬಿರುಕು ಮೇಲಿನಿಂದ ಕೆಳಗಿನವರೆಗೆ ಎಲ್ಲರ ಮುಂದೆ ನಿಂತಿತು.

"ಇದು ಮೇಸ್ತ್ರಿ ತಪ್ಪಲ್ಲ ನರ್ಸಮ್ಮ. ನನ್ನ ತಪ್ಪು. ಇಲ್ಲಿ ಕಟ್ಟಬಹುದು ಅಂತ ಹೇಳಿದ್ದು ನಾನು. ಆ ಸೈಟು ತಗೋಬೇಡಿ" ಎಂದಳು.

ಎಲ್ಲಿ ನೋಡಬೇಕೆಂದು ತಿಳಿಯದೆ ಕತ್ತರಿ ಎತ್ತಿಕೊಂಡೆ, ಕೆಳಗಿಟ್ಟೆ.

ತಂಗಿ ಹೊರಗೆ ಹೋಗಿ ಕಾರಿನ ಡಿಕ್ಕಿಯಿಂದ ಬೈರಿಗೆ ತಂದಳು. ಮೆಣಸಿನಕಾಯಿ ಸಮೇತ ಗೋಣಿಚೀಲವನ್ನು ಪಕ್ಕಕ್ಕೆ ಎಳೆದಳು. ಕೆಳಗೆ ಯಜಮಾನರು ತುಂಬಿದ್ದ ಮಣ್ಣು ಆಗಲೇ ಸೀಳಿನೊಳಗೆ ಇಳಿದುಹೋಗಿತ್ತು. ಅಂಗಳದ ನಡುವೆ ಬೈರಿಗೆ ನೆಟ್ಟು ತಿರುಗಿಸತೊಡಗಿದಳು. ಮೇಲೆ ಬಂದದ್ದು ಕೆಂಪು ಗರಸು, ಸಣ್ಣ ಕಲ್ಲು. ಮತ್ತೆ ಕೆಂಪು. ಮೊಣಕಾಲಿನಷ್ಟು ಆಳಕ್ಕೆ ಇಳಿದಾಗ ಬೈರಿಗೆ ಬಿಗಿಯಿತು. ಯಜಮಾನರು ಹೋಗಿ ಹಿಡಿಕೆಯ ಇನ್ನೊಂದು ತುದಿ ಹಿಡಿದರು. ಇಬ್ಬರೂ ಸೇರಿ ಎತ್ತಿದಾಗ ಅದರ ತುದಿಯಲ್ಲಿ ಕಪ್ಪು ಹೆಂಟೆ ಕಚ್ಚಿಕೊಂಡಿತ್ತು.

ಅವಳು ಅದನ್ನು ಮುರಿದು ನರ್ಸಮ್ಮನಿಗೆ ತೋರಿಸಿದಳು. ಮುರಿದ ಮುಖ ಎಣ್ಣೆ ಒರೆಸಿದ ಹಾಗೆ ನುಣುಪಾಗಿ ಮಿನುಗುತ್ತಿತ್ತು.

"ಈ ಹೊಳಪು ನೋಡಿ. ಮಣ್ಣು ಮಣ್ಣಿಗೇ ಉಜ್ಜಿ ಉಜ್ಜಿ ಆಗಿದ್ದು ಇದು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಒಳಗೇ ಒಂದನ್ನೊಂದು ನೂಕುತ್ತೆ. ಬೇಸಿಗೇಲಿ ಕುಗ್ಗುತ್ತೆ, ಸೀಳುತ್ತೆ. ಮೇಲಿನ ಮಣ್ಣು ಆ ಸೀಳಿಗೆ ಬೀಳುತ್ತೆ, ಮತ್ತೆ ಮಳೆ ಬಂದಾಗ ಉಬ್ಬೋಕೆ ಜಾಗ ಸಾಲಲ್ಲ, ಮೇಲಿದ್ದದ್ದನ್ನ ಎತ್ತುತ್ತೆ. ಒಂದು ಕಾಲದಲ್ಲಿ ಜೋರು ಮಳೆ, ಆಮೇಲೆ ತಿಂಗಳುಗಟ್ಟಲೆ ಒಣ ಬಿಸಿಲು, ನೀರು ಬಂದು ನಿಲ್ಲೋ ತಗ್ಗು ಬಯಲು. ಇದು ಹುಟ್ಟೋಕೆ ಇಷ್ಟು ಬೇಕು, ಇಲ್ಲಿ ಇಷ್ಟೂ ಇದೆ. ಬೆಳೆಗೆ ಇದರಷ್ಟು ಒಳ್ಳೆಯ ಮಣ್ಣು ಕಡಿಮೆ. ಗೋಡೆಗೆ ಇದರಷ್ಟು ಕೆಟ್ಟದ್ದೂ ಕಡಿಮೆ."

"ಮೇಲೆ ಕೆಂಪು ಇತ್ತಲ್ಲ ಮೇಡಂ?"

"ಅದು ಗುಡ್ಡದಿಂದ ಮಳೆಗೆ ಕೊಚ್ಚಿಕೊಂಡು ಬಂದು ಇದರ ಮೇಲೆ ಹರಡಿರೋದು. ಹೊದಿಕೆ ಅಷ್ಟೇ. ಎರೆ ಅದರ ಕೆಳಗೆ ನಾಲಗೆ ಚಾಚಿದ ಹಾಗೆ ಗುಡ್ಡದ ಬುಡದವರೆಗೂ ಬಂದಿದೆ." ಅವಳು ಕೈ ಒರೆಸಿಕೊಳ್ಳಲಿಲ್ಲ. "ನಕ್ಷೆ ಮೇಲೆ ನಾನು ಎಳೆದದ್ದು ಪೆನ್ಸಿಲ್ ಗೆರೆ. ನೆಲದ ಮೇಲೆ ಆ ಗೆರೆ ಈ ಬೀದಿಯಷ್ಟು ಅಗಲ ಇರುತ್ತೆ. ಅದರ ಮೇಲೆ ನಿಂತಾಗ ಯಾವ ಕಡೆ ಇದ್ದೀವಿ ಅಂತ ಕೊರೆದೇ ನೋಡಬೇಕು. ಬೇರೆ ಯಾರಾದ್ರೂ ಎಳೆದ ಗೆರೆ ಆಗಿದ್ರೆ ಖಂಡಿತ ಕೊರೀತಿದ್ದೆ. ನನ್ನದು ಅಂತ ನಂಬಿಬಿಟ್ಟೆ."

ಪಕ್ಕದ ಸೈಟಿಗೂ ಹೋಗಿ ಎರಡು ಕಡೆ ಕೊರೆದಳು. ಅಲ್ಲೂ ಅದೇ ಕೆಂಪು, ಅದೇ ಕಪ್ಪು. ನರ್ಸಮ್ಮ ಆ ಕಪ್ಪು ಹೆಂಟೆಯನ್ನು ಅಂಗೈಯಲ್ಲಿ ಹಿಡಿದು ತೂಗಿ ನೋಡಿದರು. "ದೊಡ್ಡ ಉಪಕಾರ ಆಯ್ತು ಮೇಡಂ" ಎಂದು ತಂಗಿಗೆ ಕೈ ಮುಗಿದು ಹೊರಟರು. ಬಟ್ಟೆ ಯಾವಾಗ ಎಂದು ನನ್ನನ್ನು ಕೇಳಲೂ ಇಲ್ಲ.

ನಾವಿಬ್ಬರೂ ಅಂಗಳದ ಕಟ್ಟೆಯ ಮೇಲೆ ಕುಳಿತೆವು. ಯಜಮಾನರು ಮಗಳಿಗೆ ಮೆಣಸಿನಕಾಯಿ ಆರಿಸುವ ನೆವ ಕೊಟ್ಟು ಒಳಗೆ ಕರೆದುಕೊಂಡು ಹೋದರು.

"ಯಾವಾಗ ಗೊತ್ತಾಯ್ತು ನಿಂಗೆ?" ಎಂದೆ.

"ಪುಟ್ಟಿ ಹುಟ್ಟುಹಬ್ಬದ ಫೋಟೊ ನೀನು ಕಳಿಸಿದ್ದೆ ನೋಡು. ಎಲ್ರೂ ಮಗೂನ ನೋಡ್ತಾರೆ. ನಂಗೆ ಕಂಡಿದ್ದು ಹಿಂದಿನ ಕಿಟಕಿ ಮೂಲೆ." ಅವಳು ಬೆರಳ ಸಂದಿಯ ಕಪ್ಪು ಮಣ್ಣನ್ನು ಉಂಡೆ ಮಾಡುತ್ತಿದ್ದಳು. "ಅವತ್ತಿಂದ ಈ ಕಡೆ ಮುಖ ಹಾಕೋಕೆ ಆಗಲಿಲ್ಲ ಅಕ್ಕ. ಕೆಲಸ ಕೆಲಸ ಅಂತ ತಪ್ಪಿಸಿಕೊಂಡೆ. ನೀನಾದ್ರೂ ಬೈದು ಫೋನ್ ಮಾಡ್ತೀಯೇನೋ ಅಂತ ಕಾದೆ. ನೀನು ಬಂಗಾರ ಬಂಗಾರ ಅಂತಿದ್ದೆ. ಇವತ್ತು ಹೇಳಿಬಿಡಬೇಕು ಅಂತಲೇ ಬಂದೆ. ಬಂದು ನೋಡಿದ್ರೆ ನೀವು ಅಷ್ಟು ಕಷ್ಟಪಟ್ಟು ಮುಚ್ಚಿದ್ದೀರ. ಬಾಯಿ ತೆಗೆಯೋಕೇ ನಾಚಿಕೆ ಆಯ್ತು."

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಎನ್ನುತ್ತಾರೆ. ನಮ್ಮಲ್ಲಿ ಎರಡು ಬೆಕ್ಕುಗಳು ಎದುರುಬದುರು ಕುಳಿತು ತಿಂಗಳುಗಟ್ಟಲೆ ಕುಡಿದಿದ್ದವು. ನಗು ಬಂತು, ಅವಳಿಗೂ ಸ್ವಲ್ಪ ಬಂತು. ನಾನು ಅವಳ ಬೆನ್ನಿನ ಮೇಲೆ ಕೈಯಿಟ್ಟು, ಹೋಗಲಿ ಬಿಡು, ಮನೆ ಹೋದರೆ ಹೋಗಲಿ ಎಂದೆ. ಅದು ನನ್ನ ಮನಸ್ಸಿನಿಂದಲೇ ಬಂದ ಮಾತು.

ಆಮೇಲೆ ಅವಳು ತಲೆ ಎತ್ತದೆ ಕೇಳಿದಳು, "ನರ್ಸಮ್ಮನಿಗೆ ಹಾಗೆ ಯಾಕೆ ಹೇಳಿದೆ?"

"ನಿನ್ನ ಮರ್ಯಾದೆ ಉಳೀಲಿ ಅಂತ ಕಣೇ. ಇನ್ನು ಯಾಕೆ?"

"ನನ್ನ ಮರ್ಯಾದೆ ಉಳಿಸೋಕೆ ಅವರ ಅಮ್ಮನ ಮನೆ ಒಡೀಬೇಕಿತ್ತಾ ಅಕ್ಕಾ?"

ಅವಳು ಸಿಟ್ಟಿನಿಂದ ಕೇಳಲಿಲ್ಲ. ಅವಳದು ತಪ್ಪು, ಕಣ್ತಪ್ಪು. ತನ್ನ ಕೈಯ ಗೆರೆಯನ್ನು ನಂಬಿದಳು. ನಾನು ಗೊತ್ತಿದ್ದೂ ಗೊತ್ತಿದ್ದೂ ಇನ್ನೊಬ್ಬ ಹೆಂಗಸಿನ ಕಾಲಡಿಗೆ ಅದೇ ಕಪ್ಪು ಮಣ್ಣನ್ನು ತಳ್ಳಿದ್ದೆ, ಮೇಲೆ ಕೆಂಪು ಮಾತು ಹರಡಿ.

ಹೊರಡುವ ಮೊದಲು ಅವಳು ಮನೆಯ ಸುತ್ತ ಒಂದು ಸುತ್ತು ಬಂದು ಯಜಮಾನರಿಗೆ ಮಾಡಬೇಕಾದ್ದೆಲ್ಲ ಹೇಳಿದಳು. ಗೋಡೆ ಬುಡದ ನಲ್ಲಿ ದೂರ ಹಾಕಿಸಿ. ಗೋಡೆಗೆ ಅಂಟಿಕೊಂಡ ಗಿಡ ಬೇಡ. ಸೂರಿನ ನೀರು ಬುಡಕ್ಕೆ ಬೀಳದ ಹಾಗೆ ಸುತ್ತ ಅಗಲವಾಗಿ ಗಾರೆ ಹಾಕಿಸಿ. "ಭಾವ, ಈ ಮಣ್ಣಿಗೆ ಒದ್ದೆ ಆದ್ರೂ ತೊಂದರೆ ಇಲ್ಲ, ಒಣಗಿದ್ರೂ ತೊಂದರೆ ಇಲ್ಲ. ಒಮ್ಮೆ ಅದು ಒಮ್ಮೆ ಇದು ಆಗಬಾರದು. ಕಟ್ಟಡದ ಎಂಜಿನಿಯರನ್ನ ಕರ್ಕೊಂಡು ನಾನೇ ಬರ್ತೀನಿ." ಮುಂದಿನ ಭಾನುವಾರ ಬಂದಳು. ಅದರ ಮುಂದಿನದಕ್ಕೂ ಬಂದಳು. ಆ ಮಟ್ಟಿಗೆ ಬಿರುಕಿನಿಂದ ನನಗೆ ತಂಗಿ ವಾಪಸು ಸಿಕ್ಕಳು.

ಕ್ಯಾಲೆಂಡರುಗಳನ್ನು ಮತ್ತೆ ತೂಗುಹಾಕಲಿಲ್ಲ. ಬಟ್ಟೆ ಕೊಡಲು ಬಂದವರು ಗೋಡೆ ನೋಡಿ "ಅಯ್ಯೋ ಇದೇನು?" ಎಂದರೆ, "ಕೆಳಗೆ ಎರೆ ಇದೆ" ಎಂದು ಹೇಳಿಬಿಡುತ್ತೇನೆ. ಹೇಳಲು ಅಂಥ ಕಷ್ಟವೇನೂ ಆಗಲಿಲ್ಲ. ಇಷ್ಟೇ ಇದ್ದದ್ದು.

ನರ್ಸಮ್ಮ, ಕ್ಯಾಲೆಂಡರು ಇಳಿದ ವಾರದಲ್ಲೇ, ಒಂದು ಮಧ್ಯಾಹ್ನ ಬಂದರು. ನಾನು ಎದ್ದು ನಿಂತು, ಆ ಭಾನುವಾರದಿಂದ ಬಾಯಿಪಾಠ ಮಾಡಿದ್ದನ್ನು ಹೇಳಿದೆ. ತಪ್ಪಾಯ್ತು ನರ್ಸಮ್ಮ, ತಂಗಿ ಮೇಲಿನ ಮೋಹಕ್ಕೆ ಸುಳ್ಳು ಹೇಳಿಬಿಟ್ಟೆ, ನೀವು ಮೋಸ ಹೋಗೋದ್ರಲ್ಲಿ ಇದ್ರಿ, ಅದನ್ನ ನೆನೆಸಿಕೊಂಡರೆ ನಿದ್ದೆ ಬರಲ್ಲ ಎಂದೆ.

ಅವರು ಸಾವಕಾಶವಾಗಿ ಕೇಳಿಸಿಕೊಂಡರು. ಆಮೇಲೆ, "ನಾನು ಮೋಸ ಹೋಗ್ತಿರಲಿಲ್ಲ ಟೈಲರಮ್ಮ" ಎಂದರು. "ಹೋದ ವಾರ ಬುಧವಾರ ಅಳತೆ ಕೊಟ್ಟೆನಲ್ಲ, ಆಗ ನನ್ನನ್ನ ಎಲ್ಲಿ ನಿಲ್ಲಿಸಿದ್ರಿ?"

ನಾನು ಗೋಡೆ ನೋಡಿದೆ. ಅಳತೆ ಕೊಡುವವರನ್ನು ನಾನು ಯಾವಾಗಲೂ ಅಲ್ಲೇ ನಿಲ್ಲಿಸುವುದು, ಕಿಟಕಿಯ ಬೆಳಕಿಗೆ, ಆ ಗೋಡೆಗೆ ಮುಖ ಮಾಡಿ, ಎರಡೂ ಕೈ ಚಾಚಿಸಿ. ನಾನು ಅವರ ಬೆನ್ನ ಹಿಂದೆ ನಿಂತು ಭುಜ ಅಳೆಯುತ್ತಿದ್ದಷ್ಟು ಹೊತ್ತೂ ಬಿರುಕು ಅವರ ಮೂಗಿನ ಮುಂದೆಯೇ ಇತ್ತು. ಕ್ಯಾಲೆಂಡರು ಬಂದದ್ದು ಶನಿವಾರ.

"ಬಿರುಕು ನೋಡಿದ್ದೆ. ಅದು ಮಣ್ಣಿಂದಾನೋ ಮೇಸ್ತ್ರಿಯಿಂದಾನೋ ಗೊತ್ತಿರಲಿಲ್ಲ. ಅದನ್ನ ಕೇಳೋಕೆ ಬಂದಿದ್ದೆ. ನಾನು ಕೇಳೋ ಮುಂಚೆನೇ ನೀವು ಒಂದು ಬಿರುಕಿಲ್ಲ ಅಂದ್ರಿ. ಇರಲಿ ಅಂತ ಇನ್ನೊಂದು ಸಲ ಕೇಳಿದೆ."

ಅವರ ದನಿಯಲ್ಲಿ ಕಹಿ ಇರಲಿಲ್ಲ. ರೋಗಿಗೆ ಜ್ವರ ಎಷ್ಟಿದೆ ಎಂದು ಹೇಳುವ ಹಾಗೆ ಹೇಳಿದರು. ಆ ಎರಡನೆಯ ಸಲದ ಪ್ರಶ್ನೆ ನನಗೆ ಹಿಂದಕ್ಕೆ ಬರಲು ಅವರು ಬಿಟ್ಟಿದ್ದ ದಾರಿ. ನಾನು ಆ ದಾರಿಯ ಮೇಲೂ ನಿಂತು ಒಂದೂ ಇಲ್ಲ ಎಂದಿದ್ದೆ. ನನ್ನ ಮುಖ ಅವರಿಗೆ ತೋರಿಸಲಾರದೆ, ಕತ್ತರಿಸಿಟ್ಟಿದ್ದ ಅವರ ಬಿಳಿ ಬಟ್ಟೆಯನ್ನು ಸುಮ್ಮನೆ ಮಡಚುತ್ತಿದ್ದೆ.

"ಇದು ಯಾವಾಗ ಸಿಗುತ್ತೆ?" ಎಂದರು ಅವರು, ಬಟ್ಟೆ ತೋರಿಸಿ.

"ನಾಳೆ."

ಇಷ್ಟು ವರ್ಷದಲ್ಲಿ ನಾನು ನಾಳೆ ಎಂದಾಗಲೆಲ್ಲ ಅವರು ತಲೆಯಾಡಿಸಿ ಹೊರಟುಬಿಡುತ್ತಿದ್ದರು. ಅವತ್ತು ಹೊಸಿಲ ಹತ್ತಿರ ನಿಂತರು. ಚೀಲ ಹೆಗಲಿಗೇರಿಸಿಕೊಂಡು, ನಯವಾಗಿಯೇ ಕೇಳಿದರು:

"ನಾಳೆ ಅಂದ್ರೆ ನಾಳೆನೇ ಅಲ್ವಾ ಟೈಲರಮ್ಮ?"